ಕಿಲಿಮಂಜಾರೋಗೆ ಹೋಗುವುದಾದರೆ ಒಂದು ರಾತ್ರಿ ಜಾಸ್ತಿ ಇಟ್ಟುಕೊಳ್ಳಿ

(ಮೈಸೂರಿನಲ್ಲಿ ಚಾರಣದ ಗೆಳೆಯರು ಕರೆದಿದ್ದ ಒಂದು ಶನಿವಾರ ಸಂಜೆ ಆಡಿದ ಮಾತು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಆಮೇಲೆ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವೂ ಇದೆ.)

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ಟಾಂಜಾನಿಯಾದಲ್ಲಿರುವ ಕಿಲಿಮಂಜಾರೋ ಬೆಟ್ಟಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಎರಡನೇ ಸಲ ತುದಿ ಸಿಕ್ಕಿತು. ಆದರೂ ಮೊದಲನೇ ಸಲದ ಕಥೆಯಿಂದಲೇ ಶುರು ಮಾಡುತ್ತೇನೆ. ತಯಾರಿ ಅಂದರೇನು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಅದು ಮರಂಗು ಹಾದಿ, ಬೆಟ್ಟ ಹತ್ತುವ ಹಲವು ಹಾದಿಗಳಲ್ಲಿ ಒಂದು. ಆ ಹಾದಿಯ ಕೊನೆಯ ತಂಗುದಾಣವಾದ ಕೀಬೋ ಗುಡಿಸಲಿನಿಂದ ರಾತ್ರಿ ಹನ್ನೆರಡಕ್ಕೆ ಹೊರಟಿದ್ದೆವು. ಮೂರು ಗಂಟೆ ಹೊತ್ತಿಗೆ 5,000 ಮೀಟರ್ ದಾಟಿ ಹಾನ್ಸ್ ಮೇಯರ್ ಗುಹೆಯ ಹತ್ತಿರ ಬಂದೆವು. ಅಲ್ಲಿ ಒಂದು ಬಂಡೆಗೆ ಒರಗಿ ವಾಂತಿ ಮಾಡಿಕೊಂಡೆ. ಹಿಂದಿನ ಮಧ್ಯಾಹ್ನದಿಂದಲೇ ತಲೆನೋವಿತ್ತು. ಸಂಜೆ ಗೈಡ್ ಕೇಳಿದಾಗ "ಏನಿಲ್ಲ, ಚೆನ್ನಾಗಿದ್ದೇನೆ" ಅಂದಿದ್ದೆ. ಈಗ ಅವರು ಕೋಲಿನ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದರು. ಒಂದು ಕಾಲಿನ ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗಿಸಿ ಆ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಿರಿ ಅಂದರು. ನಾಲ್ಕನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ಮತ್ತೆ ನಡೆದೆ. ಈ ಸಲ ಮೂರಕ್ಕೇ ವಾಲಿದೆ. ಅವರು ಮಾತಾಡಲಿಲ್ಲ. ನನ್ನ ಬೆನ್ನಿನ ಚೀಲ ಬಿಚ್ಚಿ ತಾವು ಹಾಕಿಕೊಂಡರು. ನನ್ನ ತೋಳು ಹಿಡಿದು ಕೆಳಮುಖ ಮಾಡಿ ತಿರುಗಿಸಿದರು.

ಎತ್ತರದಲ್ಲಿ ಮಿದುಳು ಊದಿಕೊಳ್ಳಲು ಶುರುವಾದರೆ ಕಾಲಿನ ಹಿಡಿತ ಹೀಗೆ ತಪ್ಪುತ್ತದೆ. ಅದಕ್ಕೆ ಮೊದಲ ಮದ್ದು ಇಳಿಯುವುದು. ಬೆಳಗಾಗಲಿ ನೋಡೋಣ ಅಂತ ಕಾಯುವ ಹಾಗಿಲ್ಲ. 3,720 ಮೀಟರ್ ಎತ್ತರದ ಹೊರೊಂಬೊ ಗುಡಿಸಲು ತಲುಪುವಷ್ಟರಲ್ಲಿ ತಲೆನೋವು ಹೆಚ್ಚುಕಡಿಮೆ ಹೋಗಿತ್ತು. ಹಸಿವಾಗುತ್ತಿತ್ತು. ಬಿಸಿಲಿಗೆ ಕೂತು ತುಂಬಾ ಅತ್ತೆ.

ನಾನು ಆರು ತಿಂಗಳು ಮೈ ಬಗ್ಗಿಸಿ ತಯಾರಾಗಿದ್ದವಳು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವಳು. ಎಡವಿದ್ದು ಎಲ್ಲಿ? ಇಲ್ಲೇ, ಮೈಸೂರಿನ ನಮ್ಮ ಮನೆಯಲ್ಲಿ, ಕ್ಯಾಲೆಂಡರ್ ಮುಂದೆ. ನಾನು ಹೈಸ್ಕೂಲ್ ಮೇಷ್ಟ್ರು ಕೆಲಸದವಳು. ದಸರಾ ರಜೆಯೊಳಗೆ ಹೋಗಿ ಬರಬೇಕಿತ್ತು. ವಿಮಾನದ ದಿನಗಳನ್ನು ಕಳೆದರೆ ಬೆಟ್ಟಕ್ಕೆ ಉಳಿದದ್ದು ಐದು ದಿನ. ಐದು ದಿನದ ಪ್ಯಾಕೇಜ್ ಇತ್ತು, ಕಡಿಮೆ ದುಡ್ಡಿಗೂ ಸಿಕ್ಕಿತು. ತಗೊಂಡೆ.

ಆ ಐದು ದಿನ ಹೇಗಿರುತ್ತದೆ ನೋಡಿ. ಮರಂಗು ಗೇಟ್ 1,800 ಚಿಲ್ಲರೆ ಮೀಟರ್. ಮೊದಲ ರಾತ್ರಿ ಮಂದಾರಾ ಗುಡಿಸಲು, 2,720. ಎರಡನೇ ರಾತ್ರಿ ಹೊರೊಂಬೊ, 3,720. ಮೂರನೇ ಸಂಜೆ ಕೀಬೋ ಗುಡಿಸಲು, 4,700ರ ಮೇಲೆ. ಅದೇ ನಡುರಾತ್ರಿ ಎದ್ದು 5,895ರ ತುದಿಗೆ ಹೊರಡಬೇಕು. ದಿನಕ್ಕೆ ಸಾವಿರ ಮೀಟರ್! ಎತ್ತರದ ಕಾಯಿಲೆ ಬಲ್ಲ ವೈದ್ಯರು ಹೇಳುವ ಲೆಕ್ಕ ಬೇರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ನಾನು ಅದರ ದುಪ್ಪಟ್ಟು ಓಟ ಓಡಿದ್ದೆ.

ಹಾಗಾಗಿ ಇವತ್ತು ಶೂ ಯಾವುದು, ಜಾಕೆಟ್ ಯಾವುದು ಅನ್ನುವ ಮಾತು ಆಮೇಲೆ. ಮೊದಲು ದಿನಗಳ ಮಾತು.

ಹಿಮಾಲಯದಲ್ಲಿ ನಡೆದವರು ಇಲ್ಲಿ ತುಂಬಾ ಜನ ಇದ್ದೀರಿ. ಅಲ್ಲಿನ ಅಳತೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಹಿಮಾಲಯ ಒಂದು ಸಾಲು. ಕಣಿವೆ ಇಳಿದು, ದಿಬ್ಬ ಹತ್ತಿ, ಹಳ್ಳಿ ದಾಟಿ ಹೋಗುತ್ತೀರಿ. ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್. ಅಲ್ಲಿಗೆ ಮುಟ್ಟಲು ಎಂಟು ಒಂಬತ್ತು ದಿನ ಹಿಡಿಯುತ್ತದೆ. ಕಿಲಿಮಂಜಾರೋ ಹಾಗಲ್ಲ. ಅದು ಬಯಲಿನಲ್ಲಿ ಒಂಟಿಯಾಗಿ ನಿಂತ ಅಗ್ನಿಪರ್ವತ. ಟಾಂಜಾನಿಯಾದ ಸವನ್ನಾ ಹುಲ್ಲುಗಾವಲಿನಿಂದ ಹತ್ತಿರ ಹತ್ತಿರ 5,000 ಮೀಟರ್ ಎದ್ದು ನಿಂತಿದೆ. ಬಾಳೆ ತೋಟದಲ್ಲಿ ಬಸ್ ಇಳಿದು, ಒಂದೇ ಇಳಿಜಾರು ಹಿಡಿದು, ಹಿಮದವರೆಗೆ ಹತ್ತಬಹುದು. ನೋಡಲು ಎಷ್ಟು ಚೆಂದವೋ ಮೈಗೆ ಅಷ್ಟೇ ಕಷ್ಟ. ದೇಹಕ್ಕೆ ಬಿಡುವು ಬೆಟ್ಟ ತಾನಾಗಿ ಕೊಡುವುದಿಲ್ಲ, ನಾವೇ ಲೆಕ್ಕ ಹಾಕಿ ಕೊಡಬೇಕು.

ನಿಜ ಹೇಳಬೇಕೆಂದರೆ ಅದು ಒಂದು ಬೆಟ್ಟವಲ್ಲ, ಮೂರು ಅಗ್ನಿಪರ್ವತಗಳು ಒಂದರ ಪಕ್ಕ ಒಂದು ಸೇರಿಕೊಂಡಿವೆ. ಪಶ್ಚಿಮಕ್ಕೆ ಶಿರಾ. ಅದು ಎಲ್ಲಕ್ಕಿಂತ ಹಳೆಯದು, ಕುಸಿದು ಈಗ ದೊಡ್ಡ ಬಯಲಾಗಿದೆ. ಪೂರ್ವಕ್ಕೆ ಮವೆಂಜಿ, 5,149 ಮೀಟರ್, ಗರಗಸದ ಹಲ್ಲಿನಂತೆ ಚೂಪು ಚೂಪು. ನಡುವೆ ಕೀಬೋ. ನಾವು ಹತ್ತುವುದು ಅದನ್ನೇ. ಶಿರಾ, ಮವೆಂಜಿ ಎರಡೂ ಆರಿಹೋಗಿವೆ. ಕೀಬೋ ಮಲಗಿದೆ ಅಷ್ಟೇ. ಅದರ ಬಾಯೊಳಗೆ ರಾಯಿಷ್ ಕುಳಿ ಅಂತ ಇನ್ನೊಂದು ಕುಳಿ, ಅದರೊಳಗೆ ಬೂದಿಯ ಗುಂಡಿ. ಅಲ್ಲಿ ಈಗಲೂ ಗಂಧಕದ ವಾಸನೆಯ ಹೊಗೆ ಬರುತ್ತದೆ.

1848ರಲ್ಲಿ ಯೊಹಾನೆಸ್ ರೆಬ್‌ಮನ್ ಎಂಬ ಜರ್ಮನ್ ಪಾದ್ರಿ ದೂರದಿಂದ ಈ ಬೆಟ್ಟದ ಬಿಳಿ ತಲೆ ನೋಡಿ ಬರೆದರು. ಭೂಮಧ್ಯರೇಖೆಯ ಹತ್ತಿರ ಹಿಮ ಹೇಗೆ ಸಾಧ್ಯ ಅಂತ ಯುರೋಪಿನ ಪಂಡಿತರು ನಂಬಲಿಲ್ಲ. ಆ ಪಾದ್ರಿಗೆ ದಾರಿ ತೋರಿಸಿದವನಿಗೆ ಅದು ಚಳಿ ಅನ್ನುವುದು ಮೊದಲೇ ಗೊತ್ತಿತ್ತು. ಬುಡದಲ್ಲಿ ಬಾಳೆ, ಕಾಫಿ ಬೆಳೆಯುವ ಚಗ್ಗಾ ಜನಕ್ಕೆ ಅದು ದಿನಾ ಕಾಣುವ ಬೆಟ್ಟ. ತುದಿ ಮುಟ್ಟಿದ ದಾಖಲೆ ಇರುವುದು 1889ರ ಅಕ್ಟೋಬರ್‌ನಲ್ಲಿ, ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲರ್ ಹೆಸರಿನಲ್ಲಿ. ಆಗ ಆ ತುದಿಗೆ ಜರ್ಮನ್ ಚಕ್ರವರ್ತಿಯ ಹೆಸರಿಟ್ಟರು. 1961ರಲ್ಲಿ ದೇಶ ಸ್ವತಂತ್ರವಾದ ಮೇಲೆ ಅದು ಉಹುರು ಆಯಿತು. ಉಹುರು ಅಂದರೆ ಸ್ವಾತಂತ್ರ್ಯ.

ಈಗ ಹಾದಿಗಳು. ಮರಂಗು ಹೇಳಿದೆ. ಗುಡಿಸಲುಗಳಲ್ಲಿ ಮಂಚ ಸಿಗುವ ಹಾದಿ ಅದೊಂದೇ. ಆರು ದಿನ ಮಾಡಿ, ಹೊರೊಂಬೊದಲ್ಲಿ ಎರಡು ರಾತ್ರಿ ಉಳಿದರೆ ಪರವಾಗಿಲ್ಲ. ಉತ್ತರದಿಂದ, ಕೆನ್ಯಾ ಗಡಿಯ ಕಡೆಯಿಂದ ಬರುವುದು ರೊಂಗೈ. ಆ ಕಡೆ ಮಳೆ ಕಡಿಮೆ, ಜನವೂ ಕಡಿಮೆ. ಉಂಬ್ವೆ ತೀರಾ ಕಡಿದು, ಮೊದಲ ಸಲಕ್ಕೆ ಬೇಡ. ಪಶ್ಚಿಮದಿಂದ ಬರುವ ಲೆಮೋಶೊ ಉದ್ದದ್ದು, ಎಂಟು ದಿನ ಕೊಟ್ಟರೆ ತುಂಬಾ ಒಳ್ಳೆಯದು. ಶಿರಾ ಬಯಲನ್ನು ಅಡ್ಡಕ್ಕೆ ದಾಟಿಸುತ್ತದೆ. ದುಡ್ಡು, ರಜೆ ಎರಡೂ ಇದ್ದವರು ಕಣ್ಣು ಮುಚ್ಚಿಕೊಂಡು ಅದನ್ನು ಆರಿಸಿ.

ನಾನು ಎರಡನೇ ಸಲ ಹೋಗಿದ್ದು ಮಚಾಮೆ. ಏಳು ದಿನ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲ ದಿನ ಪೂರ್ತಿ ಮಳೆಕಾಡು. ಮರದ ಮೇಲೆಲ್ಲ ಪಾಚಿ, ಗಡ್ಡ ಬಿಟ್ಟ ಹಾಗೆ. ಕಪ್ಪು ಬಿಳಿಯ ಕೊಲೊಬಸ್ ಮಂಗಗಳು. ದಾರಿ ಪಕ್ಕದಲ್ಲಿ ಕೆಂಪು ಹಳದಿಯ ಒಂದು ಪುಟ್ಟ ಹೂ ಕಂಡು ನಿಂತುಬಿಟ್ಟೆ. ನಮ್ಮ ಕರ್ಣಕುಂಡಲದ ಜಾತಿ! ಮಳೆಗಾಲದಲ್ಲಿ ಆಗುಂಬೆ, ಕೊಡಗಿನ ಬಂಡೆಗಳ ಮೇಲೆ ಅರಳುತ್ತವಲ್ಲ, ಅವುಗಳ ದಾಯಾದಿ. ಇದು ಮಾತ್ರ ಕಿಲಿಮಂಜಾರೋ ಬಿಟ್ಟು ಬೇರೆಲ್ಲೂ ಬೆಳೆಯುವುದಿಲ್ಲ. ಎರಡನೇ ದಿನ ಕಾಡು ಮುಗಿದು ಕುರುಚಲು ಗಿಡ, ಸಂಜೆಗೆ 3,800 ಮೀಟರ್ ಆಸುಪಾಸಿನ ಶಿರಾ ಕ್ಯಾಂಪ್.

ಮೂರನೇ ದಿನವೇ ಈ ಹಾದಿಯ ಜೀವಾಳ. ಬೆಳಗ್ಗೆಯಿಂದ ಹತ್ತಿ ಹತ್ತಿ ಮಧ್ಯಾಹ್ನಕ್ಕೆ ಲಾವಾ ಟವರ್ ಸೇರುತ್ತೀರಿ. ಅಗ್ನಿಪರ್ವತದ ಗಂಟಲಲ್ಲಿ ಲಾವಾ ಹೆಪ್ಪುಗಟ್ಟಿ, ಸುತ್ತಲಿನ ಮಣ್ಣು ಕೊಚ್ಚಿಹೋಗಿ ಉಳಿದ ಕಲ್ಲಿನ ಕಂಬ ಅದು. ಎತ್ತರ 4,600 ಮೀಟರ್. ಅಲ್ಲಿ ಊಟ. ತಲೆ ಭಾರ, ಅನ್ನ ಸೇರುವುದಿಲ್ಲ. ಆಮೇಲೆ ಇಳಿಯಿರಿ ಅನ್ನುತ್ತಾರೆ. ಇಷ್ಟು ಕಷ್ಟಪಟ್ಟು ಹತ್ತಿದ್ದನ್ನು ಯಾಕೆ ಇಳಿಯಬೇಕು ಅಂತ ಹೊಟ್ಟೆ ಉರಿಯುತ್ತದೆ. ಆದರೆ ರಾತ್ರಿ ಮಲಗುವುದು 3,976 ಮೀಟರ್‌ನ ಬರಾಂಕೊದಲ್ಲಿ. ಮೇಲೆ ಹೋಗಿ ಮೈಗೆ ಎತ್ತರ ತೋರಿಸಿ, ಕೆಳಗೆ ಬಂದು ನಿದ್ದೆ ಮಾಡುವುದು. ಬರಾಂಕೊ ಕಣಿವೆಗೆ ಇಳಿಯುವಾಗ ಆಳೆತ್ತರದ, ಎರಡಾಳೆತ್ತರದ ಸೆನೆಸಿಯೊ ಗಿಡಗಳು ಸಿಗುತ್ತವೆ. ಒಣಗಿದ ಎಲೆಯನ್ನು ಉದುರಿಸದೆ ಕಾಂಡಕ್ಕೆ ಸುತ್ತಿಕೊಂಡು ಚಳಿ ತಡೆಯುತ್ತವೆ. ಅಲ್ಲೇ ಲೊಬೆಲಿಯಾ ಅಂತ ಇನ್ನೊಂದು ಗಿಡ, ಸಂಜೆಯಾದರೆ ಎಲೆಗಳನ್ನೆಲ್ಲ ಮುಷ್ಟಿ ಕಟ್ಟಿದಂತೆ ಮುಚ್ಚಿಕೊಳ್ಳುತ್ತದೆ. ನನ್ನ ತಲೆನೋವು ಆ ಇಳಿಜಾರಿನಲ್ಲೇ ಕರಗಿಹೋಯಿತು.

ನಾಲ್ಕನೇ ದಿನ ಬರಾಂಕೊ ಗೋಡೆ. ಸುಮಾರು 250 ಮೀಟರ್. ಕೆಳಗಿನಿಂದ ನೋಡಿದರೆ ಭಯವಾಗುತ್ತದೆ. ಹಗ್ಗ ಬೇಡ, ಕೈ ಕಾಲು ಎರಡೂ ಬಳಸಿದರೆ ಸಾಕು. ಕೋಲುಗಳನ್ನು ಚೀಲಕ್ಕೆ ಕಟ್ಟಿ ಕೈ ಖಾಲಿ ಇಟ್ಟುಕೊಳ್ಳಿ. ಗೋಡೆ ಹತ್ತಿ, ಒಂದೆರಡು ಹಳ್ಳ ಇಳಿದು ಏರಿದರೆ ಕರಂಗಾ. ಎತ್ತರ 4,000 ಮೀಟರ್ ಆಸುಪಾಸು. ಮಧ್ಯಾಹ್ನದ ಹೊತ್ತಿಗೇ ಬಂದುಬಿಡುತ್ತೀರಿ.

ಇಲ್ಲಿ ದಯವಿಟ್ಟು ಗಮನ ಕೊಡಿ. ಮಚಾಮೆಯನ್ನು ಆರು ದಿನಕ್ಕೂ ಮಾರುತ್ತಾರೆ, ಏಳು ದಿನಕ್ಕೂ ಮಾರುತ್ತಾರೆ. ಹಾದಿ ಒಂದೇ. ಇರುವ ವ್ಯತ್ಯಾಸ ಕರಂಗಾದ ಈ ಒಂದು ರಾತ್ರಿ. ಆರು ದಿನದವರು ಕರಂಗಾದಲ್ಲಿ ಊಟ ಮಾಡಿ ಅವತ್ತೇ 4,670 ಮೀಟರ್‌ನ ಬರಾಫುವಿಗೆ ಹತ್ತುತ್ತಾರೆ. ಸಂಜೆ ಐದಕ್ಕೋ ಆರಕ್ಕೋ ಸುಸ್ತಾಗಿ ತಲುಪಿ, ಗಂಟಲಲ್ಲಿ ಇಳಿಯದ ಊಟ ನುಂಗಿ, ನಾಲ್ಕು ಗಂಟೆ ಹೊರಳಾಡಿ, ನಡುರಾತ್ರಿ ತುದಿಗೆ ಹೊರಡುತ್ತಾರೆ. ಏಳು ದಿನದವರು ಕರಂಗಾದಲ್ಲಿ ಮಲಗಿ, ಮರುದಿನ ಮಧ್ಯಾಹ್ನಕ್ಕೆ ಬರಾಫು ಸೇರಿ, ಅರ್ಧ ದಿನ ಕಾಲು ಚಾಚುತ್ತಾರೆ. ಈ ಒಂದು ರಾತ್ರಿಗೆ ಕೊಡುವ ದುಡ್ಡು ಒಂದು ಒಳ್ಳೆ ಜಾಕೆಟ್ ಬೆಲೆ ಆಗಬಹುದು. ಜಾಕೆಟ್ ಯಾರದ್ದಾದರೂ ಕೇಳಿ ತಗೊಂಡು ಹೋಗಿ. ರಾತ್ರಿಯನ್ನು ಕೊಂಡುಕೊಳ್ಳಿ.

ಕರಂಗಾದಲ್ಲಿ ನಾನು ಕಂಡ ಇನ್ನೊಂದು ವಿಷಯ ಹೇಳಲೇಬೇಕು. ಮಧ್ಯಾಹ್ನ ಮಾಡಲು ಕೆಲಸವಿಲ್ಲ ಅಂತ ಟೆಂಟಿನ ಹೊರಗೆ ಕೂತಿದ್ದೆ. ನಮ್ಮ ತಂಡದ ಹುಡುಗರು ಖಾಲಿ ಕ್ಯಾನ್ ಹಿಡಿದು ಕಣಿವೆಗೆ ಇಳಿದರು. ಹಳ್ಳ ಇರುವುದು ಕೆಳಗೆ, ಕ್ಯಾಂಪ್ ಇರುವುದು ಮೇಲೆ. ತುಂಬಿಸಿಕೊಂಡು ಬಂದರು. ಮರುದಿನ ಬೆಳಗ್ಗೆ ಮತ್ತೆ ಇಳಿದರು. ಈ ಸಲ ತುಂಬಿದ ಕ್ಯಾನ್‌ಗಳನ್ನು ತಲೆ ಮೇಲೆ ಹೊತ್ತು ನಮ್ಮ ಜೊತೆ ಬರಾಫುವಿಗೆ ಹತ್ತಿದರು. ಆಗ ಗೈಡ್ ಹೇಳಿದರು, ಬರಾಫುವಿನಲ್ಲಿ ನೀರಿಲ್ಲ. ಸ್ವಾಹಿಲಿಯಲ್ಲಿ ಬರಾಫು ಅಂದರೆ ಮಂಜುಗಡ್ಡೆ, ಆದರೆ ಅಲ್ಲಿ ಕುಡಿಯಲು ಹನಿ ನೀರಿಲ್ಲ. ಅವತ್ತು ಸಂಜೆಯ ಸೂಪು, ರಾತ್ರಿಯ ಚಹಾ, ತುದಿಗೆ ಹೋಗುವಾಗ ನನ್ನ ಚೀಲದಲ್ಲಿದ್ದ ಮೂರು ಲೀಟರ್, ಎಲ್ಲವೂ ಒಬ್ಬ ಹುಡುಗನ ತಲೆಯ ಮೇಲೆ 670 ಮೀಟರ್ ಹತ್ತಿ ಬಂದ ನೀರು. ಬರಾಫುವಿನಲ್ಲಿ ಕೈ ತೊಳೆಯಲು ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟರು. ನನಗೆ ಅದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ನಾಲ್ವರೂ ಒಂದೇ ಬೋಗುಣಿಯಲ್ಲಿ ತೊಳೆದೆವು.

ನಾವು ನಾಲ್ಕು ಜನ, ನಮ್ಮನ್ನು ಹತ್ತಿಸಿದವರು ಹದಿನಾರು ಜನ. ಟೆಂಟು, ಗ್ಯಾಸು, ಅಕ್ಕಿ, ಮೊಟ್ಟೆ, ಕುರ್ಚಿ ಎಲ್ಲ ಅವರ ತಲೆ ಮೇಲೆ. ಒಬ್ಬ ಪೋರ್ಟರ್ ಹೊರುವ ಸಾಮಾನು 20 ಕಿಲೋ ದಾಟಬಾರದು ಅಂತ ನಿಯಮ ಇದೆ. ಗೇಟ್‌ನಲ್ಲಿ ತೂಕ ಹಾಕುತ್ತಾರೆ. ಹಾಗಾಗಿ ನಿಮ್ಮ ಚೀಲ 15 ಕಿಲೋ ಒಳಗಿರಲಿ. ಆ ಬೆಟ್ಟವನ್ನು ಗೈಡ್ ಇಲ್ಲದೆ ಹತ್ತುವ ಹಾಗಿಲ್ಲ, 1991ರಿಂದ ಅದು ಕಡ್ಡಾಯ. ಅಂದರೆ ಯಾರಾದರೂ ಒಂದು ಕಂಪನಿಯ ಕೈ ಹಿಡಿಯಲೇಬೇಕು.

ಕಂಪನಿ ಆರಿಸುವಾಗ ಬೆಲೆ ಹೋಲಿಸುತ್ತೀರಿ. ಸಹಜ. ಆದರೆ ಒಂದು ಲೆಕ್ಕ ಮಾಡಿ. ಏಳು ದಿನಕ್ಕೆ ರಾಷ್ಟ್ರೀಯ ಉದ್ಯಾನಕ್ಕೆ ಕಟ್ಟುವ ಶುಲ್ಕವೇ ಒಬ್ಬರಿಗೆ 800 ಡಾಲರ್ ದಾಟುತ್ತದೆ. ಪ್ರವೇಶಕ್ಕೆ, ಟೆಂಟ್ ಹಾಕುವುದಕ್ಕೆ ದಿನದ ಲೆಕ್ಕ, ಅದರ ಮೇಲೆ ತೆರಿಗೆ. ಇದರಲ್ಲಿ ಯಾವ ಕಂಪನಿಯೂ ಚೌಕಾಸಿ ಮಾಡಲು ಆಗುವುದಿಲ್ಲ. ಹಾಗಿದ್ದ ಮೇಲೆ ಒಬ್ಬರು ಎಲ್ಲರಿಗಿಂತ ಕಡಿಮೆಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಆ ಉಳಿತಾಯ ಎಲ್ಲಿಂದ ಬರುತ್ತದೆ? ದಿನ ಕಡಿಮೆ ಮಾಡುವುದರಿಂದ. ಇಲ್ಲವೇ ಪೋರ್ಟರ್ ಕೂಲಿಯಿಂದ, ಅವನ ಊಟದಿಂದ. ನಾನು ಮೊದಲ ಸಲ ಹೋದ ಕಂಪನಿಯಲ್ಲಿ ಒಬ್ಬ ಹುಡುಗ ಹರಿದ ಕ್ಯಾನ್ವಾಸ್ ಶೂ ಹಾಕಿಕೊಂಡು ಕೀಬೋವರೆಗೆ ಬಂದಿದ್ದ. ನಾನು ಕೊಟ್ಟ ಕಡಿಮೆ ದುಡ್ಡು ಅದು.

ಆದ್ದರಿಂದ ಮುಂಗಡ ಕಟ್ಟುವ ಮೊದಲು ಕೇಳಿ. ಪೋರ್ಟರ್‌ಗಳಿಗೆ ದಿನಕ್ಕೆ ಎಷ್ಟು ಹೊತ್ತು ಊಟ? ಮಲಗಲು ಸರಿಯಾದ ಟೆಂಟ್ ಇದೆಯಾ? ಕೂಲಿ ಎಷ್ಟು, ಯಾವಾಗ ಕೊಡುತ್ತೀರಿ? ಸರಿಯಾದ ಕಂಪನಿ ಬೇಸರಿಸದೆ ಉತ್ತರಿಸುತ್ತದೆ. ಬೆಟ್ಟದ ಬುಡದ ಊರು ಮೊಶಿಯಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಇದೆ. ಪೋರ್ಟರ್‌ಗಳನ್ನು ಸರಿಯಾಗಿ ನೋಡಿಕೊಳ್ಳುವ ಕಂಪನಿಗಳ ಪಟ್ಟಿ ಅವರಲ್ಲಿ ಸಿಗುತ್ತದೆ. ನಾನು ಎರಡನೇ ಸಲ ಆ ಪಟ್ಟಿ ಹಿಡಿದೇ ಹುಡುಕಿದೆ. ಕೊನೆಯ ದಿನ ಟಿಪ್ಸ್ ಕೊಡುವುದು ಅಲ್ಲಿನ ರೂಢಿ, ಅದನ್ನೂ ಮೊದಲೇ ಬಜೆಟ್‌ಗೆ ಸೇರಿಸಿ. ಸಣ್ಣ ಡಾಲರ್ ನೋಟುಗಳಿರಲಿ. ಎಲ್ಲರ ಎದುರು, ಯಾರಿಗೆ ಎಷ್ಟು ಅಂತ ಹೇಳಿ ಕೊಡಿ.

ಆ ಜನರ ಜೊತೆ ಮಾತಾಡಲು ನಮಗೆ ಅಷ್ಟು ಕಷ್ಟವಿಲ್ಲ. ಸ್ವಾಹಿಲಿಯಲ್ಲಿ ಚಹಾಗೆ ಚಾಯ್, ಚಪಾತಿಗೆ ಚಪಾತಿ. ಗಾಡಿಗೆ ಗಾರಿ. ಅಂಗಡಿಗೆ ದುಕಾ. ಹಿಂದೂ ಮಹಾಸಾಗರದ ವ್ಯಾಪಾರ ಎಷ್ಟು ಹಳೆಯದು ನೋಡಿ. ಒಂದು ಮಧ್ಯಾಹ್ನ ಅಡುಗೆ ಟೆಂಟಿಗೆ ಇಣುಕಿದೆ. ಹುಡುಗರು ದೊಡ್ಡ ಪಾತ್ರೆ ಸುತ್ತ ಕೂತು ಬಿಳಿ ಮುದ್ದೆ ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ ಸಾರಿಗೆ ಅದ್ದುತ್ತಿದ್ದರು. ಉಗಾಲಿ, ಮುಸುಕಿನ ಜೋಳದ ಹಿಟ್ಟಿನದು. ನಾನೂ ಕೂತೆ. ಮುದ್ದೆ ತಿನ್ನಲು ಕಲಿಸಬೇಕಾ ನನಗೆ? ಅವರಿಗೆ ಆಶ್ಚರ್ಯ. ಮರುದಿನ ಬೆಳಗ್ಗೆ ನನಗೆ ಕೊಟ್ಟ ಗಂಜಿ ಉಲೆಜಿಯದು. ಉಲೆಜಿ ಅಂದರೆ ರಾಗಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ಅಜ್ಜಿಯ ಊರಿಗೆ ಹೋಗಿ ಗಂಜಿ ಕುಡಿದ ಹಾಗಾಯಿತು ನನಗೆ.

ಊಟದ ಮಾತು ಬಂದದ್ದರಿಂದ ಒಂದು ಸೂಚನೆ. 4,000 ದಾಟಿದ ಮೇಲೆ ಹಸಿವು ಸತ್ತುಹೋಗುತ್ತದೆ. ಆದರೆ ತಿನ್ನಲೇಬೇಕು. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ, ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ. ಒಂದು ಡಬ್ಬಿ ಚಟ್ನಿಪುಡಿ, ಸ್ವಲ್ಪ ನಿಂಬೆ ಉಪ್ಪಿನಕಾಯಿ, ಕಡ್ಲೆಕಾಯಿ ಚಿಕ್ಕಿ ಇಟ್ಟುಕೊಳ್ಳಿ. ನಾಲಿಗೆ ಚುರುಕಾದರೆ ನಾಲ್ಕು ತುತ್ತು ಜಾಸ್ತಿ ಇಳಿಯುತ್ತದೆ.

ಯಾವಾಗ ಹೋಗಬೇಕು? ಇಲ್ಲಿ ನಮ್ಮವರು ಎಡವುತ್ತಾರೆ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ. ಅಲ್ಲಿ ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆಗಾಲ. ನವೆಂಬರ್‌ನಲ್ಲಿ ಸಣ್ಣ ಮಳೆಗಾಲ. ಒಣ ತಿಂಗಳು ಅಂದರೆ ಜನವರಿ, ಫೆಬ್ರವರಿ, ಆಮೇಲೆ ಜೂನ್ ಕೊನೆಯಿಂದ ಅಕ್ಟೋಬರ್. ದಸರಾ ರಜೆ ಹೊಂದುತ್ತದೆ, ಆದರೆ ಅದಕ್ಕೆ ನಾಲ್ಕೈದು ದಿನ ಸೇರಿಸಿಕೊಳ್ಳಿ. ಎರಡನೇ ಸಲ ನಾನು ಜನವರಿಯಲ್ಲಿ ಗಳಿಕೆ ರಜೆ ಹಾಕಿದೆ.

ಲಸಿಕೆಯ ವಿಷಯ ಮರೆಯಬೇಡಿ. ಇಲ್ಲಿಂದ ಹೋಗುವ ವಿಮಾನಗಳಲ್ಲಿ ಹಲವು ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುತ್ತವೆ. ಇಥಿಯೋಪಿಯಾ, ಕೆನ್ಯಾ ಎರಡೂ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳು. ಲಸಿಕೆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ವಿಮಾನ ನಿಲ್ದಾಣದಲ್ಲಿ ತಡೆದು ಪ್ರತ್ಯೇಕ ಇಡಬಹುದು. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಕಾರ್ಡ್‌ಗೆ ಬೆಲೆ. ಪ್ರಯಾಣ ವಿಮೆ ಮಾಡಿಸುವಾಗ 6,000 ಮೀಟರ್‌ವರೆಗಿನ ಚಾರಣ ಸೇರಿದೆಯಾ ಅಂತ ಪಾಲಿಸಿ ಓದಿ ನೋಡಿ. ಬರೀ ಏಜೆಂಟ್ ಮಾತು ಸಾಲದು.

ಇನ್ನು ತಯಾರಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಮ್ಮ ತುದಿ ಇರುವ ಕಡೆ ಅವರ ಗೇಟ್ ಇದೆ! ಎತ್ತರದ ಅಭ್ಯಾಸ ಇಲ್ಲಿ ಆಗುವುದೇ ಇಲ್ಲ. ಮೈ ಗಟ್ಟಿ ಇದ್ದರೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದೂ ಸುಳ್ಳು. ಗಟ್ಟಿ ಇದ್ದವರು ಬೇಗ ನಡೆದು ಬೇಗ ಕೆಡುತ್ತಾರೆ, ನನ್ನ ಹಾಗೆ. ಅಲ್ಲಿನ ಗೈಡ್‌ಗಳು ದಿನಕ್ಕೆ ನೂರು ಸಲ "ಪೋಲೆ ಪೋಲೆ" ಅನ್ನುತ್ತಾರೆ. ನಿಧಾನ, ನಿಧಾನ. ಮೂಗಿನಲ್ಲೇ ಉಸಿರಾಡಿಕೊಂಡು ಮಾತಾಡುತ್ತಾ ನಡೆಯುವಷ್ಟು ನಿಧಾನ. ಸಮಯವಿದ್ದವರು ಮೊದಲು ಪಕ್ಕದ ಮೇರು ಪರ್ವತ ಹತ್ತಬಹುದು. ಅದೂ ಅಗ್ನಿಪರ್ವತ, 4,566 ಮೀಟರ್.

ನಾವು ಇಲ್ಲಿ ತಯಾರು ಮಾಡಬಹುದಾದದ್ದು ಕಾಲುಗಳನ್ನು, ಅದರಲ್ಲೂ ಇಳಿಯುವ ಕಾಲುಗಳನ್ನು. ತುದಿ ಮುಟ್ಟಿದ ದಿನವೇ 5,895ರಿಂದ 3,100 ಮೀಟರ್‌ನ ಮ್ವೆಕಾ ಕ್ಯಾಂಪ್‌ವರೆಗೆ ಇಳಿಯಬೇಕು. ಹತ್ತಿರ ಹತ್ತಿರ 2,800 ಮೀಟರ್, ಅದೂ ನಿದ್ದೆಗೆಟ್ಟ ಕಾಲಲ್ಲಿ. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಇಳಿದವರಿಗೆ ಎರಡನೇ ದಿನ ಗಿರಿಗದ್ದೆಯಿಂದ ಕೆಳಗಿಳಿಯುವಾಗ ತೊಡೆ ನಡುಗುವುದು ಗೊತ್ತಲ್ವಾ? ಅದರ ಅಣ್ಣ ಇದು. ಕಾಲ್ಬೆರಳ ಉಗುರುಗಳನ್ನು ಹೊರಡುವ ಎರಡು ದಿನ ಮೊದಲು ಪೂರ್ತಿ ಕತ್ತರಿಸಿ. ಇಳಿಯುವಾಗ ಬೆರಳು ಶೂ ಮುಂಭಾಗಕ್ಕೆ ಬಡಿದು ನನ್ನ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ, ತಿಂಗಳ ಮೇಲೆ ಕಿತ್ತುಬಂದವು. ಶೂ ಹೊಸದಾಗಿ ಕೊಂಡರೆ ಕಡೇ ಪಕ್ಷ ಎರಡು ತಿಂಗಳು ಇಲ್ಲೇ ಸವೆಸಿ. ವಿಮಾನದಲ್ಲಿ ಅದನ್ನು ಹಾಕಿಕೊಂಡೇ ಹೋಗಿ. ಬ್ಯಾಗ್ ತಪ್ಪಿಹೋದರೆ ಜಾಕೆಟ್ ಮೊಶಿಯಲ್ಲಿ ಬಾಡಿಗೆಗೆ ಸಿಗುತ್ತದೆ, ನಿಮ್ಮ ಕಾಲಿಗೆ ಒಗ್ಗಿದ ಶೂ ಸಿಗುವುದಿಲ್ಲ.

ಉಳಿದ ಸಾಮಾನಿನ ಪಟ್ಟಿ ಎಲ್ಲ ಕಂಪನಿಗಳೂ ಕೊಡುತ್ತವೆ, ಓದಿ ಸಮಯ ಕಳೆಯುವುದಿಲ್ಲ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ. 2019ರಿಂದ ಟಾಂಜಾನಿಯಾದಲ್ಲಿ ನಿಷೇಧವಿದೆ. ಬಟ್ಟೆ ಕಟ್ಟಲು ಬಟ್ಟೆ ಚೀಲವೇ ಇರಲಿ.

ಡಯಾಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತೀರಿ. ಅದು ಮೈ ಎತ್ತರಕ್ಕೆ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಬೆರಳ ತುದಿ ಜುಮ್ ಅನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಸಲ್ಫಾ ಅಲರ್ಜಿ ಇದ್ದವರು ವೈದ್ಯರಿಗೆ ಹೇಳಲೇಬೇಕು. ವೈದ್ಯರು ಬರೆದುಕೊಟ್ಟರೆ ಇಲ್ಲೇ ಎರಡು ದಿನ ತಗೊಂಡು ನೋಡಿ, ಬೆಟ್ಟದ ಮೇಲೆ ಮೊದಲ ಮಾತ್ರೆ ಬೇಡ. ಮಾತ್ರೆ ಇದೆ ಅಂತ ದಿನ ಕಡಿಮೆ ಮಾಡಬೇಡಿ. ಮತ್ತೆ ಸಂಜೆ ಗೈಡ್ ಬಂದು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಹೇಗಿದ್ದೀರಿ ಅಂತ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಲೆನೋವು ಮುಚ್ಚಿಟ್ಟವಳ ಗತಿ ಏನಾಯಿತು ಅಂತ ಆಗಲೇ ಹೇಳಿದೆನಲ್ಲ.

ತುದಿಯ ರಾತ್ರಿ. ಹನ್ನೊಂದೂವರೆಗೆ ಬರಾಫು ಬಿಟ್ಟೆವು. ರಾತ್ರಿಯೇ ಯಾಕೆ? ಆ ಇಳಿಜಾರು ಬೂದಿ ಮತ್ತು ಸಡಿಲ ಜಲ್ಲಿ. ರಾತ್ರಿ ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತದೆ. ಹಗಲು ಬಿಸಿಲಿಗೆ ಸಡಿಲವಾದರೆ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಚಳಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ. ನೀರಿನ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ. ಫೋನ್, ಬ್ಯಾಟರಿ ಎದೆಯ ಹತ್ತಿರದ ಜೇಬಿನಲ್ಲಿರಲಿ.

ನನ್ನ ಕಣ್ಣ ಮುಂದೆ ಆರು ಗಂಟೆ ಹೊತ್ತು ಇದ್ದದ್ದು ಗೈಡ್ ಶೂಗಳ ಹಿಮ್ಮಡಿ ಮಾತ್ರ. ಅದು ಎದ್ದರೆ ನನ್ನ ಕಾಲು ಏಳುತ್ತಿತ್ತು. ತುದಿಯಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲಿನಷ್ಟೇ, ಶೇಕಡ 21. ಆದರೆ ಗಾಳಿಯ ಒತ್ತಡವೇ ಸಮುದ್ರಮಟ್ಟದ ಅರ್ಧ. ಒಂದು ಹೆಜ್ಜೆಗೆ ಎರಡು ಉಸಿರು ಬೇಕು. ಕುಳಿಯ ಅಂಚಿನ ಸ್ಟೆಲ್ಲಾ ಪಾಯಿಂಟ್ ಮುಟ್ಟಿದಾಗ ಮವೆಂಜಿಯ ಹಿಂದೆ ಕೆಂಪು ಗೆರೆ ಎದ್ದಿತ್ತು. ಅಲ್ಲಿಂದ ಉಹುರು ಸುಮಾರು ಒಂದು ಗಂಟೆ. ಎಡಗಡೆ ಹಿಮನದಿ, ಮನೆಗಿಂತ ಎತ್ತರದ ಗೋಡೆ, ಪದರ ಪದರವಾಗಿ ನೀಲಿ. 1912ರಲ್ಲಿ ಇದ್ದ ಹಿಮದ ಹರವಿನಲ್ಲಿ ಶೇಕಡ 85ರಷ್ಟು 2007ರ ಹೊತ್ತಿಗೆ ಹೋಗಿತ್ತು. ನಮ್ಮ ಗೈಡ್ ಕೈ ಚಾಚಿ, "ನಾನು ಮೊದಲ ಸಲ ಬಂದಾಗ ಅದು ಇಲ್ಲಿತನಕ ಇತ್ತು" ಅಂತ ಕಾಲಡಿಯ ಕಲ್ಲು ತೋರಿಸಿದರು. ಫಲಕದ ಹತ್ತಿರ ಫೋಟೋ ತೆಗೆಸಿಕೊಂಡದ್ದಕ್ಕಿಂತ ಆ ಕಲ್ಲೇ ನನಗೆ ಜಾಸ್ತಿ ನೆನಪಿದೆ.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದವು.

ಹಿರಿಯರೊಬ್ಬರು ಕೇಳಿದರು: "ಮೇಡಂ, ನನಗೆ 61. ಬಿಪಿ ಮಾತ್ರೆ ತಗೋತೀನಿ. ಹೋಗಬಹುದಾ?"

ಸರ್, 2019ರಲ್ಲಿ ಆನ್ ಲಾರಿಮೋರ್ ಎಂಬ ಅಮೆರಿಕದ ಹೆಂಗಸು 89ನೇ ವಯಸ್ಸಿನಲ್ಲಿ ಹತ್ತಿದ್ದಾರೆ. ವಯಸ್ಸು ಅಡ್ಡಿಯಲ್ಲ. ಹೃದ್ರೋಗ ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿ, ಎತ್ತರ ಎಷ್ಟು ಅಂತ ಬಾಯಿಬಿಟ್ಟು ಹೇಳಿ. "ಟ್ರೆಕ್ಕಿಂಗ್" ಅಂದರೆ ಅವರು ನಂದಿಬೆಟ್ಟ ಅಂದುಕೊಳ್ಳಬಹುದು. ಅವರು ಒಪ್ಪಿದರೆ ಲೆಮೋಶೊ, ಎಂಟು ದಿನ. ಅದಕ್ಕಿಂತ ಒಂದು ದಿನವೂ ಕಡಿಮೆ ಬೇಡ. ಮಂಡಿ ನೋವಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ.

ಹಿಂದಿನ ಸಾಲಿನ ಒಬ್ಬ ಹುಡುಗಿ ಮುಟ್ಟಿನ ಬಗ್ಗೆ, ಶೌಚದ ಬಗ್ಗೆ ಸ್ವಲ್ಪ ಸಂಕೋಚದಿಂದಲೇ ಕೇಳಿದಳು. ಒಳ್ಳೆ ಪ್ರಶ್ನೆ, ಜೋರಾಗಿಯೇ ಕೇಳಮ್ಮ. ಎತ್ತರದಲ್ಲಿ ದಿನ ಹಿಂದೆ ಮುಂದೆ ಆಗಬಹುದು, ಲೆಕ್ಕ ನಂಬದೆ ಎಲ್ಲ ಜೊತೆಗಿಟ್ಟುಕೋ. ಬಳಸಿದ್ದನ್ನು ಕಾಗದದ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಬೆಟ್ಟದಲ್ಲಿ ಬಿಡುವಂತಿಲ್ಲ. ಕ್ಯಾಂಪಿನ ಸಾರ್ವಜನಿಕ ಶೌಚಾಲಯ ಅಷ್ಟು ಚೆನ್ನಾಗಿರುವುದಿಲ್ಲ. ದುಡ್ಡು ಕೊಟ್ಟರೆ ಪುಟ್ಟ ಶೌಚದ ಟೆಂಟ್ ಹೊತ್ತು ತರುತ್ತಾರೆ. ನಾವು ನಾಲ್ವರು ಹಂಚಿಕೊಂಡೆವು. ಅದನ್ನು ದಿನಾ ತೊಳೆದು ಹೊತ್ತವನಿಗೆ ಟಿಪ್ಸ್ ಎಲ್ಲರಿಗಿಂತ ಜಾಸ್ತಿ ಕೊಟ್ಟೆವು.

ಅವಳೇ ಮತ್ತೆ ಕೇಳಿದಳು: "ಮುಂದಿನ ಜನವರಿಗೆ ಹೋಗಬೇಕು ಅಂದರೆ ಯಾವಾಗಿಂದ ಶುರು ಮಾಡಬೇಕು?"

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ನಮ್ಮ ಮನೆ ಬಾಗಿಲಲ್ಲೇ ಇದೆ. ಎಲ್ಲರೂ ಹತ್ತಿ ದರ್ಶನ ಮಾಡಿ ಬಸ್ಸಿನಲ್ಲಿ ಇಳಿಯುತ್ತಾರೆ. ನೀವು ಇಳಿಯುವುದನ್ನೂ ನಡೆದೇ ಮಾಡಿ. ಮೊದಲ ತಿಂಗಳು ಬರಿಗೈಯಲ್ಲಿ, ಆಮೇಲೆ ಬೆನ್ನ ಮೇಲೆ ಆರು ಕಿಲೋ ನೀರಿನ ಬಾಟಲಿ ಹಾಕಿಕೊಂಡು, ಒಂದೇ ಬೆಳಗ್ಗೆ ಎರಡು ಸಲ. ನಾನು ಭಾನುವಾರಗಳಲ್ಲಿ ಐದೂವರೆಗೆ ಮೆಟ್ಟಿಲ ಬುಡದಲ್ಲಿ ಇರುತ್ತೇನೆ. ನಾಳೆ ಭಾನುವಾರ. ಶೂ ಹಾಕಿಕೊಂಡು ಬನ್ನಿ.